ರಾಡ್ ಒಳಗಿರಲಿ

ಸಂಘದ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ನಮ್ಮ ಕಾರ್ಯದರ್ಶಿಯವರು ಮೂರು ವರ್ಷದಿಂದ ಕೇಳುತ್ತಿದ್ದಾರೆ. ನಾನು ಮೂರು ವರ್ಷದಿಂದ ನಗುತ್ತಾ ತಪ್ಪಿಸಿಕೊಳ್ಳುತ್ತಿದ್ದೆ. ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಓಡಾಡುವ ದಪ್ಪ ಮೀಸೆಯವನು ಎಂದರೆ ನಿಮ್ಮಲ್ಲಿ ಕೆಲವರಿಗೆ ನನ್ನ ಗುರುತು ಸಿಗಬಹುದು. ಬರೆಯುವುದು ನನ್ನ ಕೆಲಸವಲ್ಲ. ಅಜ್ಮಾನಿನ ಒಂದು ಬೋಟ್ ಯಾರ್ಡಿನಲ್ಲಿ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುವುದು ನನ್ನ ಕೆಲಸ. ಈ ವರ್ಷ ಮಾತ್ರ ನಾನಾಗಿಯೇ ಫೋನ್ ಮಾಡಿ, "ಸರ್, ನನಗೆ ನಾಲ್ಕು ಪುಟ ಜಾಗ ಇಡಿ" ಎಂದೆ. ಈದ್ ಕಳೆದ ವಾರ ಸ್ಟಿಯರಿಂಗ್ ಬಿಗಿಯಾಗಿದೆ ಎಂದು ನಮ್ಮಲ್ಲಿಗೆ ಬಂದ ಒಂದು ಬೋಟು ಅದಕ್ಕೆ ಕಾರಣ. ಅದೇ ತೊಂದರೆ ಹೊತ್ತು 2011ರಲ್ಲಿ ಬಂದಿದ್ದ ಇನ್ನೊಂದು ಬೋಟೂ ಕಾರಣ.

ಬೋಟಿನ ಸ್ಟಿಯರಿಂಗ್ ನೋಡದವರಿಗೆ ಮೊದಲು ಎರಡು ಮಾತು. ದೊಡ್ಡ ಇಂಜಿನ್ನಿನ ಹೊಸ ಬೋಟುಗಳಿಗೆ ಹೈಡ್ರಾಲಿಕ್ ಇರುತ್ತದೆ. ಎಣ್ಣೆಯ ಒತ್ತಡದಿಂದ ತಿರುಗುವಂಥದ್ದು, ಎರಡು ಬೆರಳು ಸಾಕು. ಆದರೆ ಮೀನಿಗೆ ಹೋಗುವ ಚಿಕ್ಕ ಫೈಬರ್ ಬೋಟುಗಳಲ್ಲಿ, ಇಲ್ಲಿಯವರು ತರಾದ್ ಎನ್ನುತ್ತಾರಲ್ಲ, ಅವುಗಳಲ್ಲಿ ಇನ್ನೂ ಕೇಬಲ್ಲೇ ಹೆಚ್ಚು. ಚಕ್ರದ ಹಿಂದೆ ಹಲ್ಲಿನ ಗಾಲಿ ಇರುವ ಒಂದು ಡಬ್ಬಿ. ಅಲ್ಲಿಂದ ಹೊರಟ ದಪ್ಪ ಕೇಬಲ್ ಬೋಟಿನ ಬದಿಯಲ್ಲಿ ಹಾದು ಹಿಂದಿನ ಇಂಜಿನ್ನಿಗೆ ಬರುತ್ತದೆ. ಸೈಕಲ್ಲಿನ ಬ್ರೇಕ್ ಕೇಬಲ್ ಎಳೆದರೆ ಮುಗಿಯಿತು. ಇದು ಎಳೆಯಲೂ ಬೇಕು, ದೂಡಲೂ ಬೇಕು. ಕೇಬಲ್ಲಿನ ತುದಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ಟೀಲ್ ರಾಡ್. ಇಂಜಿನ್ನನ್ನು ನೀರಿನಿಂದ ಮೇಲಕ್ಕೆ ಮಗುಚುವಾಗ ಅದು ಯಾವ ಕೊಳವೆಯ ಮೇಲೆ ತಿರುಗುತ್ತದೋ ಆ ಟಿಲ್ಟ್ ಟ್ಯೂಬಿನ ಒಳಗೆ ಈ ರಾಡ್ ಹಿಂದೆ ಮುಂದೆ ಜಾರುತ್ತದೆ. ಟ್ಯೂಬಿನ ಇನ್ನೊಂದು ಬಾಯಲ್ಲಿ ಹೊರಬಂದ ರಾಡಿನ ತುದಿಗೆ ಒಂದು ಲಿಂಕ್, ಲಿಂಕಿನ ಇನ್ನೊಂದು ತುದಿ ಇಂಜಿನ್ನಿನ ತೋಳಿಗೆ. ಔಟ್‌ಬೋರ್ಡ್ ಬೋಟಿಗೆ ಬೇರೆ ಚುಕ್ಕಾಣಿ ಎಂಬುದಿಲ್ಲ, ಇಡೀ ಇಂಜಿನ್ನೇ ಎಡಕ್ಕೆ ಬಲಕ್ಕೆ ತಿರುಗಬೇಕು.

ಚುಕ್ಕಾಣಿ ಎಂದಾಗ ನೆನಪಾಯಿತು. ನಾನು ಬಂದ ಹೊಸದರಲ್ಲಿ ಒಬ್ಬ ಅರ್ಬಾಬ್ ಬೋಟಿನ ಚಕ್ರ ತೋರಿಸಿ "ಸುಕ್ಕಾನ್, ಸುಕ್ಕಾನ್" ಎಂದು ಕೂಗುತ್ತಿದ್ದರು. ನನಗೆ ಅರಬ್ಬಿಯ ಒಂದಕ್ಷರವೂ ಬಾರದ ಕಾಲ. ಆದರೂ ಆ ಶಬ್ದ ತಟ್ಟನೆ ತಿಳಿಯಿತು. ಇಲ್ಲಿ ಕಾರಿನ ಸ್ಟಿಯರಿಂಗಿಗೂ ಅದೇ ಹೆಸರು. ನಮ್ಮ ಚುಕ್ಕಾಣಿ ಅರಬ್ಬಿಯ ಸುಕ್ಕಾನಿನಿಂದಲೇ ಬಂದದ್ದು. ಹಾಯಿ ಹಡಗಿನವರ ಜೊತೆ ಕಡಲು ದಾಟಿ ನಮ್ಮ ಬಂದರುಗಳಲ್ಲಿ ಇಳಿದ ಶಬ್ದ. ಮಂತ್ರಿಗಳು ಖಾತೆಯ ಚುಕ್ಕಾಣಿ ಹಿಡಿದರು ಎಂದು ಪೇಪರಿನಲ್ಲಿ ಓದುವಾಗಲೆಲ್ಲ ನನಗೆ ಆ ಅರ್ಬಾಬರ ಕೂಗು ಕೇಳಿಸುತ್ತದೆ.

ನನ್ನ ಊರು ಮರವಂತೆಯ ಹತ್ತಿರ. ಅಪ್ಪಯ್ಯ ಗಂಗೊಳ್ಳಿಯಿಂದ ನಾಡದೋಣಿಯಲ್ಲಿ ಹೋಗುತ್ತಿದ್ದವರು. ನಮ್ಮ ನಾಡದೋಣಿಗೆ ಚಕ್ರವೂ ಇಲ್ಲ, ಕೇಬಲ್ಲೂ ಇಲ್ಲ. ಇಂಜಿನ್ನಿಗೇ ಸಿಕ್ಕಿಸಿದ ಹಿಡಿ, ಅದರ ಮೇಲೆ ಕೈ. ಐದು ನದಿಗಳ ನೀರು ಒಟ್ಟಾಗಿ ಕಡಲು ಸೇರುವ ಅಳಿವೆ ಅದು. ಮಳೆಗಾಲದಲ್ಲಿ ಒಳಗಿನ ಸೆಳೆತ ಒಂದು ಕಡೆಗೆ, ಹೊರಗಿನ ಅಲೆ ಇನ್ನೊಂದು ಕಡೆಗೆ. ಅಪ್ಪಯ್ಯ ಅಲೆಯನ್ನು ನೋಡುತ್ತಲೇ ಇರಲಿಲ್ಲ. "ನೀರ್ ಎತ್ತ ಎಳೀತ್ ಅಂತ ಕೈಗೇ ಗೊತ್ತಾತ್ತ್" ಎನ್ನುತ್ತಿದ್ದರು. ಹಿಡಿ ಸ್ವಲ್ಪ ಬಿಗಿಯಾದರೆ ಅದೇ ದಿನ ಸಂಜೆ ಇಂಜಿನ್ ಬಿಚ್ಚಿ ಗ್ರೀಸ್ ಹಾಕುವವರು. ಕೈಗೂ ಇಂಜಿನ್ನಿಗೂ ನಡುವೆ ಏನೂ ಇಲ್ಲದ್ದರಿಂದ ತೊಂದರೆ ಎಲ್ಲಿದೆ ಎಂದು ಹುಡುಕುವ ಪ್ರಶ್ನೆಯೇ ಇರಲಿಲ್ಲ. ಕೇಬಲ್ ಸ್ಟಿಯರಿಂಗಿನಲ್ಲಿ ಹಾಗಲ್ಲ. ಬಿಗಿ ಗೊತ್ತಾಗುವುದು ಚಕ್ರದಲ್ಲಿ, ಇರುವುದು ಇಪ್ಪತ್ತು ಅಡಿ ಹಿಂದೆ ಯಾರ ಕಣ್ಣಿಗೂ ಬೀಳದ ಒಂದು ಕೊಳವೆಯಲ್ಲಿ. ಹತ್ತರಲ್ಲಿ ಏಳೆಂಟು ಸಲ ನನ್ನ ಅನುಭವದಲ್ಲಿ ಅಲ್ಲೇ.

ಇಲ್ಲಿಯ ನೀರು ಅದಕ್ಕೆ ಹೇಳಿ ಮಾಡಿಸಿದ್ದು. ತೆರೆದ ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ ಈ ಕೊಲ್ಲಿಯ ನೀರಿನಲ್ಲಿ 40 ಗ್ರಾಂ, ಆಳವಿಲ್ಲದ ಖೋರುಗಳಲ್ಲಿ ಅದಕ್ಕೂ ಹೆಚ್ಚು. ಮಳೆ ಇಲ್ಲ, ದೊಡ್ಡ ನದಿ ಎಂದರೆ ಉತ್ತರದ ತುದಿಯ ಶಟ್ಟ್ ಅಲ್ ಅರಬ್ ಒಂದೇ, ಬಿಸಿಲಿಗೆ ನೀರು ಆರುತ್ತಲೇ ಇರುತ್ತದೆ. ಟ್ಯೂಬಿನ ಬಾಯಿಯ ಸೀಲು ಸವೆದರೆ ಆ ನೀರು ಒಳಗೆ ಹೋಗುತ್ತದೆ, ಆರಿ ಉಪ್ಪು ಉಳಿಯುತ್ತದೆ. ಹಳೆ ಗ್ರೀಸು ಬಿಸಿಲಿಗೆ ಎಣ್ಣೆ ಬಿಟ್ಟು ಮೇಣದಂತೆ ಗಟ್ಟಿಯಾಗುತ್ತದೆ. ಉಪ್ಪು, ತುಕ್ಕು, ಗಟ್ಟಿ ಗ್ರೀಸು ಮೂರೂ ಸೇರಿದರೆ ಸಿಮೆಂಟು. ದಿನಾ ಓಡುವ ಬೋಟಿನಲ್ಲಿ ಅದು ನಿಧಾನಕ್ಕೆ ಆಗುತ್ತದೆ. ಒಂದೂವರೆ ತಿಂಗಳು ಕಟ್ಟಿ ಹಾಕಿದ ಬೋಟಿನಲ್ಲಿ ಒಮ್ಮೆಲೇ.

ಈದ್ ಕಳೆದ ಮೇಲೆ ಬಂದದ್ದು ಅಂಥದ್ದೇ ಬೋಟು. 23 ಅಡಿ, ಹಿಂದೆ ಒಂದು 85 ಕುದುರೆಯ ಎರಡು ಸ್ಟ್ರೋಕಿನ ಇಂಜಿನ್. ಅದನ್ನು ಓಡಿಸುವ ಬಾಂಗ್ಲಾದ ಹುಡುಗ ಎಡಗೈಯಿಂದ ಬಲ ಭುಜ ಒತ್ತಿಕೊಳ್ಳುತ್ತಲೇ ಇಳಿದ. ಗರ್ಗೂರ್ ಎತ್ತಿ ಭುಜ ನೋವಾಗಿದೆ ಎಂದು ಅವನ ಲೆಕ್ಕ. ಗರ್ಗೂರ್ ಎಂದರೆ ಇಲ್ಲಿಯ ಮೀನಿನ ತಂತಿ ಬೋನು, ಭಾರದ್ದೇ. ನಾನು ಚಕ್ರ ತಿರುಗಿಸಿ ನೋಡಿದೆ. ಎರಡು ಕೈ ಹಾಕಿದರೂ ಅಳ್ಳಾಡುವುದು ಕಷ್ಟ. "ನಿನ್ನ ಭುಜದ ನೋವು ಇಲ್ಲಿದೆ ಮಾರಾಯ" ಎಂದು ಹಿಂದಿಯಲ್ಲಿ ಹೇಳಿದೆ. ಅರ್ಬಾಬ್ ಫೋನಿನಲ್ಲಿ, "ಬಸ್, ಗ್ರೀಸ್ ಹಾಕಿ ಕೊಡಿ, ನಾಳೆ ಹೋಗಬೇಕು" ಎಂದರು.

ನಮ್ಮಲ್ಲಿಗೆ ಕಳೆದ ವರ್ಷ ಬೈಂದೂರು ಕಡೆಯ ಒಬ್ಬ ಹುಡುಗ ಬಂದಿದ್ದಾನೆ. ಐಟಿಐ ಓದಿದವನು, ಕೈ ಚುರುಕು. ನಾನು ಇನ್ನೊಂದು ಇಂಜಿನ್ನಿನ ಪ್ಲಗ್ ನೋಡುತ್ತಿದ್ದಾಗ ಅವನು ಈ ಬೋಟಿನ ಹಿಂದೆ ಹೋಗಿ ನಿಂತಿದ್ದ. ಇಂಜಿನ್ನನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಹೊರಗೆ ಬಂದ ರಾಡನ್ನು ಬಟ್ಟೆಯಿಂದ ಫಳಫಳ ಒರೆಸಿ, ಗ್ರೀಸ್ ಗನ್ನಿನ ಮೂತಿಯನ್ನು ನಿಪ್ಪಲ್ಲಿಗೆ ಸಿಕ್ಕಿಸಿ, "ಅಣ್ಣಾ, ಗ್ರೀಸ್ ಹೊಡುದಾ?" ಎಂದು ಕೂಗಿದ.

"ನಿಲ್ಲ್! ಕೈ ತೆಗಿ!" ಎಂದು ನಾನು ಕಿರುಚಿದ್ದಕ್ಕೆ ಯಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗ ಗನ್ ಕೆಳಗೆ ಬಿಟ್ಟ. ಅವನ ಮುಖ ಸಣ್ಣಗಾಯಿತು. ನಾನು ಅವನಿಗೆ ಅಷ್ಟು ಜೋರು ಮಾಡಿದ್ದು ಅದೇ ಮೊದಲು. ಅವನು ಮಾಡಹೊರಟ ತಪ್ಪು ಅವನ ಮನೆಯದಲ್ಲ. ಹೊಸಬರೆಲ್ಲ ಅದನ್ನೇ ಮಾಡುತ್ತಾರೆ, ನೋಡಲಿಕ್ಕೆ ಅದೇ ಸರಿ ಎನಿಸುತ್ತದೆ. ರಾಡ್ ಹೊರಗಿದ್ದರೆ ಕಣ್ಣಿಗೆ ಕಾಣುತ್ತದೆ, ಒರೆಸಬಹುದು, ಗ್ರೀಸ್ ಹಚ್ಚಬಹುದು. ಆದರೆ ರಾಡ್ ಹೊರಗೆ ಹೋದಷ್ಟೂ ಟ್ಯೂಬಿನ ಒಳಗೆ ಜಾಗ ಖಾಲಿ. ಆಗ ಗನ್ ಒತ್ತಿದರೆ ಆ ಖಾಲಿ ಜಾಗದ ತುಂಬ ಗ್ರೀಸ್ ಕೂರುತ್ತದೆ. ಆಮೇಲೆ ಚಕ್ರ ತಿರುಗಿಸಿದರೆ ರಾಡ್ ವಾಪಸ್ ಬರಬೇಕಾದ ಜಾಗದಲ್ಲಿ ಗ್ರೀಸ್ ಇರುತ್ತದೆ. ಗ್ರೀಸನ್ನು ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲ. ಸಿರಿಂಜಿನ ತುಂಬ ಗ್ರೀಸ್ ತುಂಬಿ ಬಾಯಿಗೆ ಬೆರಳು ಒತ್ತಿ ಹಿಡಿದು ಹಿಂದಿನಿಂದ ದೂಡಿ ನೋಡಿ. ಹಾಗೆ. ಇಂಜಿನ್ ಕಂಪನಿಗಳ ಪುಸ್ತಕಗಳಲ್ಲೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ, ಕೇಬಲ್ಲಿನ ತುದಿ ಪೂರ್ತಿ ಒಳಗಿರುವಾಗ ಮಾತ್ರ ಗ್ರೀಸ್ ತುಂಬಿ ಎಂದು. ನಾನು ಆ ಪುಸ್ತಕ ಓದಿದ್ದು ತಡವಾಗಿ.

2011ರ ಮಾರ್ಚಿನಲ್ಲಿ ನಾನು ಈ ದೇಶಕ್ಕೆ ಬಂದದ್ದು. ಜುಲೈಯಲ್ಲಿ ಒಂದು ಬೋಟು ಬಂತು, ಸ್ಟಿಯರಿಂಗ್ ಬಿಗಿ ಎಂದು. ಆಗ ಕೆಲಸ ಮಾಡುತ್ತಿದ್ದ ಯಾರ್ಡು ಬೇರೆ, ಈಗ ಅದು ಇಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮ ನಿಮಗೆಲ್ಲ ಗೊತ್ತು. ಗಂಟೆ ಹನ್ನೆರಡಾಗಿತ್ತು. ಫೋರ್‌ಮನ್ "ಅಷ್ಟರೊಳಗೆ ಮುಗಿಸಿಬಿಡು" ಎಂದರು. ನಾನು ಮುಗಿಸಿದೆ. ರಾಡ್ ಹೊರಗೆ ತಂದು ಒರೆಸಿದೆ, ನಿಪ್ಪಲ್ಲಿಗೆ ಗನ್ ಹಿಡಿದು ಸಾಕೆನ್ನುವಷ್ಟು ಹೊಡೆದೆ. ಹೆಚ್ಚು ಹೊಡೆದರೆ ಹೆಚ್ಚು ಒಳ್ಳೆಯದು ಎಂದುಕೊಂಡಿದ್ದೆ. ಆಮೇಲೆ ಚಕ್ರ ತಿರುಗಿಸಿ ನೋಡಿದೆ, ಮೆಲ್ಲಗೆ. ತಿರುಗಿತು. ಸ್ವಲ್ಪ ಭಾರ ಅನಿಸಿತು, ಹೊಸ ಗ್ರೀಸು ಅಲ್ಲವೇ, ಓಡಿದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ.

ಮೆಲ್ಲಗೆ ತಿರುಗಿಸಿದರೆ ಗ್ರೀಸು ಸೀಲಿನ ಸಂದಿಯಿಂದ ಎಳೆ ಎಳೆಯಾಗಿ ಹೊರಗೆ ಬಂದು ರಾಡಿಗೆ ದಾರಿ ಬಿಡುತ್ತದೆ. ಅವಸರದಲ್ಲಿ ತಿರುಗಿಸಿದರೆ ಗೋಡೆ. ನಾನು ಪರೀಕ್ಷೆ ಮಾಡಿದ್ದು ಟ್ರೇಲರ್ ಮೇಲೆ ನಿಂತ ಬೋಟಿನಲ್ಲಿ, ಯಾವ ಅವಸರವೂ ಇಲ್ಲದೆ.

ಅದನ್ನು ಓಡಿಸುತ್ತಿದ್ದವರು ಕನ್ಯಾಕುಮಾರಿ ಜಿಲ್ಲೆಯವರು, ಆಗ ಅವರಿಗೆ ನಲವತ್ತರ ಮೇಲೆ. ನಾವೆಲ್ಲ ಅಣ್ಣಾಚಿ ಎನ್ನುತ್ತಿದ್ದೆವು. ನನ್ನನ್ನು ತಂಬಿ ಎನ್ನುತ್ತಿದ್ದರು. ಹೊಸಬನೆಂದು ಒಂದೆರಡು ಸಲ ಮೀನು ಕೊಟ್ಟಿದ್ದರು. ಮಾರನೇ ದಿನ ಬೆಳಿಗ್ಗೆ ಕತ್ತಲಲ್ಲೇ ಬೋಟು ಹೊರಡಿಸಿದರು. ಬಂದರಿನ ಬಾಯಲ್ಲಿ ಎದುರಿನಿಂದ ಇನ್ನೊಂದು ಬೋಟು ದೀಪವಿಲ್ಲದೆ ಒಳಗೆ ಬಂತು. ಅಣ್ಣಾಚಿ ಪಕ್ಕಕ್ಕೆ ಎಳೆದರು, ಬೋಟು ತಿರುಗಿತು, ಎದುರಿನದು ತಪ್ಪಿತು. ಈಗ ನೇರ ಮಾಡಬೇಕು. ಚಕ್ರ ಬರಲಿಲ್ಲ. ತೆರೆಗೋಡೆಯ ಬಂಡೆಗೆ ಬೋಟಿನ ಮೂತಿ ಹೊಡೆಯಿತು. ಚಕ್ರ ಹಿಡಿದಿದ್ದ ಬಲಗೈಯ ಮಣಿಕಟ್ಟು ಮುರಿಯಿತು. ಜೊತೆಗಿದ್ದ ಇಬ್ಬರಿಗೆ ತರಚುಗಾಯ, ಒಬ್ಬನಿಗೆ ಮುಂದಿನ ಹಲ್ಲು ಹೋಯಿತು. ಜೀವ ಉಳಿಯಿತು ಎನ್ನಬೇಕು.

ಬೋಟು ಸಂಜೆ ಯಾರ್ಡಿಗೆ ಬಂತು. ಕೇಬಲ್ ಬಿಚ್ಚಲು ನನಗೇ ಹೇಳಿದರು. ನಟ್ಟು ಬಿಚ್ಚಿ ರಾಡ್ ಎಳೆದಾಗ ಅದರ ಹಿಂದೆ ಟ್ಯೂಬಿನಿಂದ ಗ್ರೀಸು ಬಂತು. ಹಳೆಯ ಕಪ್ಪು ಗ್ರೀಸಲ್ಲ, ಹಿಂದಿನ ದಿನ ನಾನು ಹೊಡೆದ ನೀಲಿ ಗ್ರೀಸು, ಕೊಳವೆಯ ಆಕಾರದಲ್ಲೇ ಒತ್ತಾಗಿ ಕೂತದ್ದು. ಪುಸ್ತಕ ಓದಿರಲಿಲ್ಲ ನಿಜ, ಆದರೆ ನೋಡಿದ ಕೂಡಲೇ ನನಗೆ ತಿಳಿಯಿತು. ಫೋರ್‌ಮನ್ ಆಫೀಸಿನಲ್ಲಿ ಫೋನಿನಲ್ಲಿದ್ದರು. ನಾನು ಬಟ್ಟೆ ತೆಗೆದುಕೊಂಡು ಒರೆಸಿದೆ. ಟ್ಯೂಬಿನೊಳಗೂ ಬಟ್ಟೆ ತೂರಿಸಿ ಒರೆಸಿದೆ. ಅವರು ಬಂದು ನೋಡುವಾಗ ಅಲ್ಲಿ ಒಂದು ಹಳೆಯ ಕೇಬಲ್ ಬಿಟ್ಟರೆ ಏನೂ ಇರಲಿಲ್ಲ. "ಕೇಬಲ್ ಹೋಗಿದೆ, ಹೊಸದು ಹಾಕು" ಎಂದರು. ಹಾಕಿದೆ.

ಅಣ್ಣಾಚಿಯ ಕೈಗೆ ಪ್ಲಾಸ್ಟರ್ ಹಾಕಿದರು. ಎರಡು ತಿಂಗಳು ಬಲೆ ಎಳೆಯಲಾಗದು, ಗರ್ಗೂರ್ ಎತ್ತಲಾಗದು. ಒಂದು ದಿನ ಬಂದರಿಗೆ ಹೋದಾಗ ಅವರು ಎಡಗೈಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. "ಹೇಗಿದ್ದೀ ತಂಬಿ?" ಎಂದು ಅವರೇ ಕೇಳಿದರು. ನಾನು ಚೆನ್ನಾಗಿದ್ದೇನೆ ಎಂದೆ. ಆಮೇಲೆ ಊರಿಗೆ ಹೋದರು ಎಂದು ಕೇಳಿದೆ. ವಾಪಸ್ ಬರಲಿಲ್ಲ.

ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಇಲ್ಲ. ನನ್ನನ್ನು ನಾನೇ ಸಮಾಧಾನ ಮಾಡಿಕೊಂಡ ಮಾತುಗಳು ಬಹಳ ಇವೆ: ಹೊಸಬನಾಗಿದ್ದೆ, ಯಾರೂ ಕಲಿಸಿರಲಿಲ್ಲ, ಕೆಲಸ ಹೋದರೆ ವೀಸಾದ ಸಾಲ ಯಾರು ತೀರಿಸುವುದು, ಎದುರಿನ ಬೋಟಿಗೆ ದೀಪ ಇರಲಿಲ್ಲ. ಎಲ್ಲವೂ ನಿಜವೇ. ಇದನ್ನು ಓದುವ ನಿಮ್ಮಲ್ಲಿ ಬಹಳ ಜನ ವೀಸಾದ ಸಾಲ ಹೊತ್ತೇ ಬಂದವರು, ಆ ಮೊದಲ ವರ್ಷದ ಭಯ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಆದರೆ ಒರೆಸುವಾಗ ನನ್ನ ಕೈ ನಡುಗಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ.

ಬೈಂದೂರಿನ ಹುಡುಗನನ್ನು ಕೂರಿಸಿಕೊಂಡು ಇದನ್ನೇ ಹೇಳಿದೆ. ಪೂರ್ತಿ ಹೇಳಿದೆ, ಒರೆಸಿದ್ದನ್ನೂ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಈಗ ಇದ್ನ ಸಮಾ ಮಾಡುದ್ ಹ್ಯಾಂಗೆ?" ಎಂದ. ಬೋಟನ್ನು ಕೇಳಿದನೋ ಬೇರೆಯದನ್ನೋ ಗೊತ್ತಿಲ್ಲ. ನಾನು ಬೋಟಿನ ಕೆಲಸ ಶುರುಮಾಡಿದೆ.

ಗ್ರೀಸ್ ಹೊಡೆಯುವುದು ಕೊನೆಯ ಕೆಲಸ. ಮೊದಲು ಬಿಗಿ ಎಲ್ಲಿದೆ ಎಂದು ಹಿಡಿಯಬೇಕು. ಕೆಲವರು ಬಂದು ಸ್ಟಿಯರಿಂಗ್ ಬಿಗಿ ಎನ್ನುತ್ತಾರೆ, ವಿಚಾರಿಸಿದರೆ ನೀರಿನಲ್ಲಿ ಓಡುವಾಗ ಮಾತ್ರ, ಅದೂ ಒಂದೇ ಬದಿಗೆ. ಅದು ಕೇಬಲ್ಲಿನ ರೋಗವೇ ಅಲ್ಲ. ಫ್ಯಾನ್ ಒಂದೇ ದಿಕ್ಕಿಗೆ ತಿರುಗುವುದರಿಂದ ಇಂಜಿನ್ ಒಂದು ಬದಿಗೆ ಎಳೆಯುತ್ತದೆ. ಆ ಎಳೆತ ಸರಿದೂಗಿಸಲು ಫ್ಯಾನಿನ ಮೇಲುಗಡೆ ಒಂದು ಚಿಕ್ಕ ರೆಕ್ಕೆ ಇರುತ್ತದೆ. ಬೋಟು ಯಾವ ಬದಿಗೆ ಎಳೆಯುತ್ತದೋ ರೆಕ್ಕೆಯ ಹಿಂತುದಿಯನ್ನು ಅದೇ ಬದಿಗೆ ಸ್ವಲ್ಪ ಸರಿಸಿ ಬೋಲ್ಟ್ ಬಿಗಿ ಮಾಡಿದರೆ ಮುಗಿಯಿತು. ಅದಕ್ಕೆ ಹೊಸ ಕೇಬಲ್ ಹಾಕಿಸಿಕೊಂಡು ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಈ ಬೋಟಿನಲ್ಲಿ ನಿಂತಲ್ಲೇ ಬಿಗಿ, ಎರಡೂ ಬದಿಗೆ. ಆದ್ದರಿಂದ ರೆಕ್ಕೆಯ ಮಾತಿಲ್ಲ.

ಲಿಂಕಿನ ನಟ್ಟು ಬಿಚ್ಚಿಸಿದೆ. ಲಿಂಕ್ ತೆಗೆದ ಮೇಲೆ ಇಂಜಿನ್ನಿಗೂ ಕೇಬಲ್ಲಿಗೂ ಸಂಬಂಧ ಇಲ್ಲ. ಹುಡುಗ ಇಂಜಿನ್ನನ್ನು ಕೈಯಿಂದ ದೂಡಿದ. ತೊಟ್ಟಿಲಿನ ಹಾಗೆ ಬಂತು. ಬಂದಿರದಿದ್ದರೆ ಇಂಜಿನ್ನಿನ ಕುತ್ತಿಗೆಯ ನಿಪ್ಪಲ್ಲುಗಳಿಗೆ ಗ್ರೀಸ್ ಹಾಕಬೇಕಿತ್ತು. ಈಗ ಚಕ್ರ ತಿರುಗಿಸಿದರೆ ಇನ್ನೂ ಬಿಗಿ. ಅಂದರೆ ಟ್ಯೂಬ್, ಕೇಬಲ್, ಚಕ್ರದ ಡಬ್ಬಿ, ಮೂರರಲ್ಲಿ ಒಂದು. ಟ್ಯೂಬಿನ ಬಾಯಲ್ಲಿ ಕೇಬಲ್ಲಿನ ದೊಡ್ಡ ನಟ್ಟು ಬಿಚ್ಚಿ ರಾಡನ್ನು ಪೂರ್ತಿ ಹೊರಗೆಳೆದು, ಕೇಬಲ್ ಗಾಳಿಯಲ್ಲಿರುವಾಗ ಚಕ್ರ ತಿರುಗಿಸಿದರೆ ಉತ್ತರ ಸಿಗುತ್ತದೆ. ಸಲೀಸಾಗಿ ತಿರುಗಿದರೆ ತಪ್ಪು ಟ್ಯೂಬಿನದು. ಆಗಲೂ ಬಿಗಿ ಇದ್ದರೆ ಕೇಬಲ್ಲನ್ನು ಡಬ್ಬಿಯಿಂದಲೂ ಬಿಡಿಸಿ ಡಬ್ಬಿಯೊಂದನ್ನೇ ತಿರುಗಿಸಿ ನೋಡಬೇಕು.

ರಾಡ್ ಹೊರಗೆಳೆಯುವುದು ಎಂದು ಬರೆಯುವುದು ಸುಲಭ. ಈ ಬೋಟಿನಲ್ಲಿ ಅದು ಎರಡು ದಿನ ತೆಗೆದುಕೊಂಡಿತು. ಇಲ್ಲಿ ಜನ ಮಾಡುವ ಅನಾಹುತ ಹೇಳಬೇಕು. ರಾಡಿನ ತುದಿಗೆ ಸುತ್ತಿಗೆಯಿಂದ ನೇರ ಹೊಡೆಯುತ್ತಾರೆ, ತುದಿ ಅಣಬೆಯ ಹಾಗೆ ಅರಳುತ್ತದೆ, ಆಮೇಲೆ ಅದು ಟ್ಯೂಬಿನೊಳಗಿಂದ ದಾಟುವುದೇ ಇಲ್ಲ. ಇನ್ನು ಕೆಲವರು ಗ್ಯಾಸ್ ಟಾರ್ಚ್ ಹಿಡಿಯುತ್ತಾರೆ, ಒಂದು ಅಡಿ ದೂರದಲ್ಲಿ ಪೆಟ್ರೋಲ್ ಪೈಪು ಇರುವುದನ್ನು ಮರೆತು. ನಾವು ತುಕ್ಕು ಬಿಡಿಸುವ ಸ್ಪ್ರೇಯನ್ನು ಎರಡೂ ಬಾಯಿಗೆ ಹೊಡೆದು ರಾತ್ರಿ ಇಡೀ ಬಿಟ್ಟೆವು. ಬೆಳಿಗ್ಗೆ ಇನ್ನೊಮ್ಮೆ. ತುದಿಯ ಮೇಲೆ ಹಿತ್ತಾಳೆಯ ತುಂಡು ಇಟ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್, ಒಬ್ಬ ಚಕ್ರದಲ್ಲಿ ಒಂದಿಷ್ಟು ಎಳೆದು ಹಿಡಿಯುವುದು. ಅರ್ಧ ಇಂಚು ಹೊರಗೆ, ಕಾಲು ಇಂಚು ಒಳಗೆ. ಮತ್ತೆ ಸ್ಪ್ರೇ. ಅರ್ಬಾಬ್ ಎರಡು ಸಲ ಫೋನ್ ಮಾಡಿ ಬೈದರು. ಎರಡನೇ ದಿನ ಮಧ್ಯಾಹ್ನ ಕಿರ್ರೆನ್ನುತ್ತಾ ಹೊರಗೆ ಬಂತು. ಅದರ ಮೈಮೇಲೆ ಕಂದು ಬಣ್ಣದ ಗಟ್ಟಿ ಹೊಪ್ಪಳೆ, ಉಗುರಿನಿಂದ ಕೆರೆದರೆ ಉಪ್ಪಿನ ಹರಳು.

ಚಕ್ರ ತಿರುಗಿಸಿದೆವು. ಕೇಬಲ್ ಗಾಳಿಯಲ್ಲಿ ಹಗುರಾಗಿ ಹೋಗಿ ಬಂತು. ಕೇಬಲ್ ಬದುಕಿದೆ. ಕೇಬಲ್ಲೇ ಒಳಗೆ ತುಕ್ಕು ಹಿಡಿದಿದ್ದರೆ ಅಥವಾ ಹೊರ ಕವಚ ಒಡೆದಿದ್ದರೆ ಅದಕ್ಕೆ ರಿಪೇರಿ ಇಲ್ಲ, ಹೊಸದೇ ಹಾಕಬೇಕು. ಹಳೆಯದರ ಮೈಮೇಲೆ ಉದ್ದ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಅಡಿ ಲೆಕ್ಕದಲ್ಲಿ. ಅಂಥ ಕೇಬಲ್ಲಿನ ಒಳಗೆ ಸ್ಪ್ರೇ ಎಣ್ಣೆ ಬಿಟ್ಟು ಎರಡು ವಾರ ಓಡಿಸುವ ಉಪಾಯವನ್ನು ದಯವಿಟ್ಟು ಯಾರೂ ಮಾಡಬೇಡಿ. ಆ ಎಣ್ಣೆ ಒಳಗೆ ಇದ್ದಬದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಹೊಸದು ಹಾಕುವಾಗಲೂ ಮೂಲೆಯಲ್ಲಿ ಗಕ್ಕನೆ ಮಡಿಚಬಾರದು, ದೊಡ್ಡ ಬಾಗಾಗಿ ತರಬೇಕು.

ಟ್ಯೂಬ್ ಶುಚಿ ಮಾಡುವುದು ಹುಡುಗನ ಪಾಲಿಗೆ. ಒಂದು ಸಪೂರ ಸರಳಿನ ತುದಿಯನ್ನು ಉದ್ದಕ್ಕೆ ಸೀಳಿ, ಸೀಳಿನಲ್ಲಿ ಎಮರಿ ಬಟ್ಟೆ ಸಿಕ್ಕಿಸಿ ಸುತ್ತಿ, ಸರಳನ್ನು ಡ್ರಿಲ್ ಮಷೀನಿಗೆ ಹಾಕಿ ಟ್ಯೂಬಿನೊಳಗೆ ತಿರುಗಿಸುವುದು, ಇದು ನಮ್ಮ ಯಾರ್ಡಿನ ಉಪಾಯ. ಆಮೇಲೆ ಬಟ್ಟೆ. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸಬೇಕು ಎಂದೆ. ಹತ್ತೋ ಹನ್ನೆರಡೋ ತುಂಡು ಬಟ್ಟೆ ಆದವು. ಒರೆಸಿದ ಪ್ರತಿ ತುಂಡನ್ನೂ ಅವನು ನನಗೆ ತಂದು ತೋರಿಸಿದ. ನಾನು ಅದನ್ನು ಕೇಳಿರಲಿಲ್ಲ.

ರಾಡನ್ನು ನಯ ಮಾಡಿ, ಟ್ಯೂಬಿನ ಬಾಯಿಗೆ ಹೊಸ ಸೀಲ್ ಹಾಕಿ, ತೆಳುವಾಗಿ ನೀರು ತಾಳುವ ಮರೀನ್ ಗ್ರೀಸ್ ಸವರಿ ಜೋಡಿಸಿದೆವು. ಲಿಂಕಿನ ನೈಲಾನ್ ಲಾಕ್ ನಟ್ಟು ಹೊಸದು. ಹಳೆಯದನ್ನೇ ಹಾಕಿದರೆ ಅದು ಅಲುಗಾಟಕ್ಕೆ ಕಳಚಬಹುದು. ಕಡಲಿನ ನಡುವೆ ಲಿಂಕ್ ಕಳಚಿದರೆ ಚಕ್ರ ಸುಮ್ಮನೆ ಗರಗರ ತಿರುಗುತ್ತದೆ, ಇಂಜಿನ್ ತನಗೆ ಬೇಕಾದ ಕಡೆ ಹೋಗುತ್ತದೆ.

ಕಡೆಗೆ ಗ್ರೀಸ್ ಗನ್. ಹುಡುಗ ಚಕ್ರವನ್ನು ಇನ್ನೊಂದು ಕೊನೆಗೆ ತಿರುಗಿಸಿ ರಾಡನ್ನು ಪೂರ್ತಿ ಒಳಗೆ ತಂದ. ಹಿಂದೆ ಹೋಗಿ ಬಗ್ಗಿ ನೋಡಿದ. ಮತ್ತೆ ಮುಂದೆ ಬಂದು ಚಕ್ರ ಇನ್ನೂ ಸ್ವಲ್ಪ ಬರುತ್ತದೋ ಎಂದು ನೋಡಿದ. "ಒಳಗಿತ್ತ್ ಅಣ್ಣಾ" ಎಂದ. ಮೆಲ್ಲಗೆ ಒತ್ತಿದ. ಇನ್ನೊಂದು ತುದಿಯಲ್ಲಿ ಒಂದು ಉಂಗುರದಷ್ಟು ಗ್ರೀಸ್ ಇಣುಕಿದ ಕೂಡಲೇ ನಿಲ್ಲಿಸಿದ. ಆಮೇಲೆ ಈ ಕೊನೆಯಿಂದ ಆ ಕೊನೆಗೆ ಹತ್ತು ಸಲ ತಿರುಗಿಸಿದೆವು. ಮೆಲ್ಲಗೆ ಐದು ಸಲ, ಅವಸರದಲ್ಲಿ ಐದು ಸಲ. ಬಾಂಗ್ಲಾದ ಹುಡುಗ ಒಂದೇ ಕೈಯಲ್ಲಿ ತಿರುಗಿಸಿ ನಕ್ಕ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಬಂದರಿನ ಐಸ್ ಅಂಗಡಿಯ ಒಬ್ಬರು ಅಣ್ಣಾಚಿಯ ಕಡಲಕರೆಯವರೇ. ಮಾರನೇ ದಿನ ಅವರಲ್ಲಿ ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಮೂರು ದಿನ ಬಿಟ್ಟು ನಂಬರ್ ಕೊಟ್ಟರು. ಆ ನಂಬರ್ ಒಂದು ವಾರ ನನ್ನ ಕಿಸೆಯಲ್ಲಿತ್ತು. ಭಾನುವಾರ ಅವರು ಪೂಜೆ ಮುಗಿಸಿ ಇಗರ್ಜಿಯಿಂದ ಬರುವ ಹೊತ್ತು ನೋಡಿ ಫೋನ್ ಮಾಡಿದೆ.

ಅವರಿಗೆ ನನ್ನ ನೆನಪಿರಲಿಲ್ಲ. ಯಾರ್ಡಿನ ಹೆಸರು ಹೇಳಿದೆ, ಬೋಟಿನ ಬಣ್ಣ ಹೇಳಿದೆ. "ಓ, ಕಾರ್ವಾರದ ತಂಬಿಯಾ?" ಎಂದರು. ಕಾರವಾರವಲ್ಲ, ಆದರೂ ಹೌದು ಎಂದೆ. ಅರ್ಧ ಹಿಂದಿ, ಅರ್ಧ ಮಲಯಾಳ, ಬಂದಷ್ಟು ತಮಿಳು ಸೇರಿಸಿ ಹೇಳಿದೆ. ರಾಡ್ ಹೊರಗಿತ್ತು, ನಾನು ಗ್ರೀಸ್ ತುಂಬಿದೆ, ಅದಕ್ಕೇ ಚಕ್ರ ಬರಲಿಲ್ಲ, ಆಮೇಲೆ ನಾನು ಒರೆಸಿಬಿಟ್ಟೆ. ಫೋನಿನ ಆ ಕಡೆ ಬಹಳ ಹೊತ್ತು ಮಾತಿಲ್ಲ. ಕೋಳಿ ಕೂಗುವುದು ಕೇಳಿಸುತ್ತಿತ್ತು. ಬೈಯುತ್ತಾರೆ ಎಂದು ಕಾದೆ.

"ನಾನೇ ತಡ ಮಾಡಿ ತಿರುಗಿಸಿದೆ ಅಂತ ಅವರು ಹೇಳಿದರು" ಎಂದರು ಅಣ್ಣಾಚಿ. "ನನಗೂ ಹಾಗೇ ಅನಿಸಿತ್ತು. ನಿದ್ದೆಗಣ್ಣಲ್ಲಿದ್ದೆನೇನೋ ಅಂತ. ಊರಲ್ಲೂ ಎಲ್ಲರಿಗೂ ಅದೇ ಗೊತ್ತು."

13 ವರ್ಷ ನಾನು ಅವರ ಕೈಯ ಮೂಳೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ಇದು ನನ್ನ ತಲೆಗೇ ಬಂದಿರಲಿಲ್ಲ. ಕ್ಷಮಿಸಿ ಅಣ್ಣಾಚಿ ಎಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಫೋನನ್ನು ಬಾಯಿಯಿಂದ ದೂರ ಹಿಡಿದು ಯಾರನ್ನೋ ಕರೆದರು. ಮಗನಂತೆ, ಈಗ ಅಲ್ಲಿ ದೋಣಿ ಓಡಿಸುವವನು ಅವನೇ. ಅವರ ಹೆಂಡತಿಯ ಧ್ವನಿಯೂ ಹತ್ತಿರ ಬಂತು.

"ಸ್ಪೀಕರ್ ಹಾಕಿದ್ದೇನೆ ತಂಬಿ" ಎಂದರು. "ಇನ್ನೊಂದು ಸಲ ಹೇಳು. ಮೊದಲಿನಿಂದ ಹೇಳು."

ನಾನು ಮೊದಲಿನಿಂದ ಹೇಳಿದೆ.